ಒಕ್ಕಲ ಮನೆಯ ಗೃಹಿಣಿಯ ಬಳಲಿಕೆಯೂ ಅದರ ಪರಿಹಾರೋಪಾಯಗಳೂ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ, ನಜರ್‌ಬಾದ್, ಮೈಸೂರು)

ಬೇಸಾಯವು ನೆಲ, ನೀರು, ಬೀಜ, ಗೊಬ್ಬರ, ದನಕರು ಎಂಬ ಐದನ್ನು ಅವಲಂಬಿಸಿರುವುದೆಂಬುದು ಸರ್ವರಿಗೂ ವಿದಿತವಾದ ವಿಷಯವು. ಇವುಗಳ ವಿಚಾರವಾಗಿ ಯೋಚಿಸದ ರೈತನಿಲ್ಲ. ಆದರೆ ಈ ಐದರ ಹಿಂದೆಯೂ ನಿಂತು ಎಲ್ಲವನ್ನೂ ನಡೆಯಿಸುತ್ತಿರುವ ಆರನೆಯ ಬಲವೊಂದುಂಟು. ಅದು ಒಕ್ಕಲ ಮನೆಯ ಗೃಹಿಣಿಯ ದೇಹಬಲವು. ಆ ಬಲವು ಕುಂದಿದಾಗ ಹೊಲದ ಕೆಲಸವೂ ಕುಂದುವುದೆಂಬುದನ್ನು ನಾವು ನೋಡುತ್ತಲೇ ಇದ್ದರೂ, ಅದನ್ನು ಬೇಸಾಯದ ವಿಷಯವೆಂದು ಎಣಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಬಂದಿಲ್ಲ.

ಮೈಸೂರು ತಾಲ್ಲೂಕಿನ ರೈತರು ಪಹಣಿಯ ತಿದ್ದುಪಡಿಗಾಗಿಯೂ ಖಾತೆಯ ಬದಲಾವಣೆಗಾಗಿಯೂ ನಜರ್‌ಬಾದಿನ ಮಿನಿ ವಿಧಾನಸೌಧಕ್ಕೆ ಬಂದು ಹೋಗುತ್ತಿರುತ್ತಾರೆ. ಅವರು ಕೈಯಲ್ಲಿ ಹಿಡಿದಿರುವ ಪಹಣಿಯಲ್ಲಿ ಜಮೀನಿನ ವಿಸ್ತೀರ್ಣಕ್ಕೆ ಒಂದು ಕಲಮು, ಖರಾಬಿಗೆ ಒಂದು, ಮಣ್ಣಿನ ನಮೂನೆಗೆ ಒಂದು, ನೀರಿನ ಮೂಲಕ್ಕೆ ಒಂದು, ಬೆಳೆಗೆ ಒಂದು, ಹೀಗೆ ಎಲ್ಲಕ್ಕೂ ಸ್ಥಳವುಂಟು. ಕೋಳಿ ಕೂಗುವ ಹೊತ್ತಿಗೆ ಎದ್ದು ಕೊಟ್ಟಿಗೆಯ ಸಗಣಿ ಬಾಚಿ, ನೀರು ತಂದು, ಒಲೆ ಹಚ್ಚಿ, ಬುತ್ತಿ ಕಟ್ಟಿ, ಹೊಲದಲ್ಲಿ ಕಳೆ ಕಿತ್ತು, ಸಂಜೆ ಮರಳಿ ಒಲೆಯ ಮುಂದೆ ಕೂರುವವಳ ದುಡಿಮೆಗೆ ಮಾತ್ರ ಅಲ್ಲಿ ಕಲಮಿಲ್ಲ. ಸರ್ಕಾರದ ದಫ್ತರದಲ್ಲಿ ಅದು ಇಲ್ಲದಿದ್ದರೆ ದೊಡ್ಡ ಲೋಪವೇನೂ ಆಗದು. ಆದರೆ ಮನೆಯ ಯಜಮಾನನ ಮನಸ್ಸಿನ ಲೆಕ್ಕದಲ್ಲಿಯೂ ಅದು ಇಲ್ಲದಿರುವುದು ದೊಡ್ಡ ನಷ್ಟಕ್ಕೆ ಕಾರಣವಾಗುತ್ತದೆ.

ಉಳುಮೆಯ ಕಾಲ ಸಮೀಪಿಸಿತೆಂದರೆ ಬುದ್ಧಿವಂತನಾದ ರೈತನು ಎತ್ತುಗಳಿಗೆ ಹುರುಳಿ, ಹಿಂಡಿಗಳನ್ನು ಹೆಚ್ಚಿಸುತ್ತಾನೆ. ಲಾಳ ಸವೆದಿದ್ದರೆ ಕಟ್ಟಿಸುತ್ತಾನೆ. ಹೆಗಲು ಹುಣ್ಣಾದ ಎತ್ತನ್ನು ನೊಗಕ್ಕೆ ಹೂಡುವುದಿಲ್ಲ. ಅದೇ ಮನೆಯಲ್ಲಿ ನಾಟಿಯ ಕಾಲಕ್ಕೆ ಮುಂಚೆ ಹೆಂಗಸರ ಶಕ್ತಿ ಹೇಗಿದೆಯೆಂದು ವಿಚಾರಿಸುವವರು ಎಷ್ಟು ಮಂದಿ? ತಲೆ ಸುತ್ತಿದರೂ, ಸೊಂಟ ನೊಂದರೂ, ಜ್ವರ ಬಂದರೂ ಕೆಲಸ ನಡೆದೇ ನಡೆಯುವುದೆಂಬ ಭರವಸೆಯ ಮೇಲೆ ಬೇಸಾಯದ ವರ್ಷವೆಲ್ಲ ನಿಂತಿರುತ್ತದೆ. ಈ ಭರವಸೆಯು ಎಷ್ಟು ದುರ್ಬಲವಾದದ್ದು, ಅದನ್ನು ಭದ್ರಪಡಿಸಲು ಮನೆಯವರೂ ಊರಿನವರೂ ಮಾಡತಕ್ಕದ್ದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗುವುದು.

1. ಕೆಲಸದ ಲೆಕ್ಕ

ಕೇಂದ್ರ ಸರ್ಕಾರದವರು 2019ರಲ್ಲಿ ದೇಶದಾದ್ಯಂತ ಜನರು ದಿನದ ಹೊತ್ತನ್ನು ಹೇಗೆ ಕಳೆಯುವರೆಂಬುದನ್ನು ಕುರಿತು ಒಂದು ಸಮೀಕ್ಷೆಯನ್ನು ನಡೆಯಿಸಿದರು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಗಂಡಸರು 97 ನಿಮಿಷಗಳನ್ನೂ ಅದರಲ್ಲಿ ಕಳೆಯುವರೆಂದು ಅದರಿಂದ ತಿಳಿದುಬಂದಿತು. ಅಂದರೆ ಹೆಂಗಸರಿಗೆ ಸುಮಾರು ಐದು ಗಂಟೆಯ ಕೆಲಸ. ಗಂಡಸರಲ್ಲಿ ಇಂತಹ ಕೆಲಸಕ್ಕೆ ಕೈಹಾಕುವವರೇ ನೂರಕ್ಕೆ 26 ಮಂದಿ. ಹೆಂಗಸರಲ್ಲಿ ನೂರಕ್ಕೆ 81 ಮಂದಿ. ಒಕ್ಕಲ ಮನೆಯಲ್ಲಿ ಈ ಐದು ಗಂಟೆಗಳ ಮೇಲೆ ಹೊಲದ ಕೆಲಸವೂ ದನಕರುಗಳ ಆರೈಕೆಯೂ ಸೇರುತ್ತವೆ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಬಹು ಮುಂಚೆ ನಡೆದ ಒಂದು ಶೋಧನೆಯನ್ನು ಇಲ್ಲಿ ಸ್ಮರಿಸುವುದು ಯುಕ್ತವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಪ್ರಯತ್ನದಿಂದ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೋಪಯೋಗಿ ವಿಜ್ಞಾನ ಕೇಂದ್ರವು ಸ್ಥಾಪಿತವಾಯಿತು. ಈ ಕೇಂದ್ರದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಸೌದೆ, ನೀರು, ದನ, ಮನುಷ್ಯರ ದುಡಿಮೆ ಇವೆಲ್ಲವನ್ನೂ ಅಳೆದು ಲೆಕ್ಕ ಹಾಕಿದರು. ಪುರ ಎಂಬ ಗ್ರಾಮದಲ್ಲಿ ಮನುಷ್ಯರು ವ್ಯಯಮಾಡುವ ಶ್ರಮದಲ್ಲಿ ಅರ್ಧಕ್ಕಿಂತಲೂ ಹೆಚ್ಚಿನ ಭಾಗವು ಹೆಂಗಸರದೆಂದು ಆಗ ತಿಳಿಯಿತು. ಸೌದೆ ಕೂಡಿಸುವುದು, ನೀರು ಹೊರುವುದು, ಅಡಿಗೆ ಮಾಡುವುದು ಇವೇ ಅದರಲ್ಲಿ ಮುಖ್ಯವಾದವು.

ಆ ಗ್ರಾಮದಲ್ಲಿ ಮುಂದೆ ನಡೆದ ಸಂಗತಿಯು ಮುಖಂಡರಾದವರು ಗಮನಿಸತಕ್ಕದ್ದಾಗಿದೆ. ಸಗಣಿಯ ಅನಿಲದಿಂದ ಮನೆಮನೆಗೂ ಅಡಿಗೆಯ ಒಲೆ ಉರಿಸಬೇಕೆಂಬುದು ಮೊದಲಿನ ಉದ್ದೇಶವಾಗಿದ್ದಿತು. ಅಷ್ಟಕ್ಕೆ ಸಗಣಿ ಸಾಲದೆ ಬರಲು, 1987ರಿಂದ ಆ ಅನಿಲದಿಂದಲೇ ಎಂಜಿನ್ನು ನಡೆಯಿಸಿ, ಕೊಳವೆ ಬಾವಿಯ ನೀರನ್ನೆತ್ತಿ ನಲ್ಲಿಗಳ ಮೂಲಕ ಹಂಚಿ, ಮನೆಗಳಿಗೆ ದೀಪವನ್ನೂ ಕೊಟ್ಟರು. ಈ ವ್ಯವಸ್ಥೆಯು ಅನೇಕ ವರ್ಷ ನಡೆದು 1990ರ ದಶಕದಲ್ಲಿ ನಿಂತುಹೋಯಿತು. ಆದರೂ ಅದು ಕಲಿಸಿದ ಪಾಠ ನಿಂತಿಲ್ಲ. ಹೆಂಗಸರ ಬಳಲಿಕೆಯನ್ನು ಕಡಮೆ ಮಾಡಬೇಕೆಂದು ಊರು ಒಟ್ಟಾಗಿ ಯೋಚಿಸಿದರೆ, ತಲೆಯ ಮೇಲಿನ ಕೊಡವನ್ನು ಇಳಿಸುವುದು ಸಾಧ್ಯವೆಂಬುದೇ ಆ ಪಾಠವು.

“ನಮ್ಮ ಅಜ್ಜಿಯರು ಇದಕ್ಕೆ ಇಮ್ಮಡಿ ದುಡಿಯಲಿಲ್ಲವೆ? ರಾಗಿ ಬೀಸಿ, ಭತ್ತ ಕುಟ್ಟಿ ಗಟ್ಟಿಮುಟ್ಟಾಗಿರಲಿಲ್ಲವೆ?” ಎಂದು ಕೇಳುವವರುಂಟು. ಬೀಸುವ ಕಲ್ಲೂ ಒನಕೆಯೂ ಹೋದದ್ದು ನಿಜ. ಆದರೆ ಅಂದಿನ ಮನೆಯಲ್ಲಿ ಅತ್ತೆ, ಓರಗಿತ್ತಿಯರು, ನಾದಿನಿಯರು ಸೇರಿ ನಾಲ್ಕಾರು ಜೊತೆ ಕೈಗಳಿದ್ದವು. ಒಬ್ಬಳು ಮಲಗಿದರೆ ಮತ್ತೊಬ್ಬಳು ಒಲೆಯ ಮುಂದೆ ಕೂರುತ್ತಿದ್ದಳು. ಇಂದು ಮನೆಗಳು ಭಾಗವಾಗಿ, ಮಕ್ಕಳು ಪಟ್ಟಣ ಸೇರಿ, ಒಬ್ಬಳೇ ಎಲ್ಲವನ್ನೂ ಹೊರುತ್ತಿದ್ದಾಳೆ. ಗಟ್ಟಿಮುಟ್ಟಾಗಿ ಬಾಳಿದ ಅಜ್ಜಿಯರನ್ನು ನಾವು ನೆನೆಯುತ್ತೇವೆ. ಬಾಣಂತಿತನದಲ್ಲಿಯೇ ತೀರಿಕೊಂಡವರನ್ನು ಎಣಿಸುವುದಿಲ್ಲ.

2. ಬಳಲಿಕೆಗೆ ಕಾರಣಗಳು

ಒಂದು ದಿನದ ದಣಿವು ಒಂದು ರಾತ್ರಿಯ ನಿದ್ರೆಯಿಂದ ಹೋಗುತ್ತದೆ. ಎರಡು ಮೂರು ವಾರಗಳಾದರೂ ಹೋಗದೆ, ಬೆಳಗ್ಗೆ ಏಳುವಾಗಲೇ ಮೈ ಭಾರವಾಗಿದ್ದರೆ, ಅದನ್ನು ಸೋಮಾರಿತನವೆಂದಾಗಲಿ ವಯಸ್ಸಿನ ಗುಣವೆಂದಾಗಲಿ ತಳ್ಳಿಹಾಕಬಾರದು. ಅದಕ್ಕೆ ಮುಖ್ಯ ಕಾರಣಗಳು ಇವು:

ಮೊದಲನೆಯದು ರಕ್ತಹೀನತೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ಈ ದೋಷವಿರುವುದು ಕಂಡುಬಂದಿತು. ಇಡೀ ದೇಶದಲ್ಲಿ ನೂರಕ್ಕೆ 57. ಹೀಗಿರಲು ಹತ್ತು ಮಂದಿ ಹೆಂಗಸರು ನಾಟಿಗೆ ಇಳಿದರೆ ಅವರಲ್ಲಿ ನಾಲ್ಕೈದು ಮಂದಿ ಈ ದೋಷವುಳ್ಳವರೇ ಆಗಿರುವ ಸಂಭವವಿದೆ. ಏದುಸಿರು, ಎದೆ ಡವಗುಟ್ಟುವುದು, ತಲೆಸುತ್ತು, ಕಣ್ಣಿನ ಕೆಳರೆಪ್ಪೆಯ ಒಳಗಡೆ ಬಿಳಿಚಿಕೊಂಡಿರುವುದು ಇದರ ಲಕ್ಷಣಗಳು. ಆಹಾರದಲ್ಲಿ ಕಬ್ಬಿಣದ ಅಂಶ ಸಾಲದಿರುವುದು, ಮುಟ್ಟಿನಲ್ಲಿ ಅಧಿಕ ರಕ್ತಸ್ರಾವ, ಬೇಗಬೇಗನೆ ಬಸಿರು, ಬರಿಗಾಲಿನಲ್ಲಿ ನಡೆಯುವುದರಿಂದ ಚರ್ಮದ ಮೂಲಕ ಒಳಸೇರುವ ಕೊಕ್ಕೆಹುಳು ಇವು ಅದಕ್ಕೆ ಕಾರಣಗಳಾಗಿವೆ.

ಎರಡನೆಯದು ಹೊಗೆ. ಗಾಳಿಯಾಡದ ಅಡಿಗೆ ಮನೆಯಲ್ಲಿ ಹಸಿ ಸೌದೆ, ಬೆರಣಿಗಳನ್ನು ಉರಿಸುವುದರಿಂದ ಕಣ್ಣುರಿ, ಕೆಮ್ಮು, ತಲೆನೋವು ಬರುತ್ತವೆ. ಅನಿಲದ ಸಿಲಿಂಡರು ಇರುವ ಮನೆಗಳಲ್ಲಿಯೂ ಮುದ್ದೆಗೂ ಸ್ನಾನದ ನೀರಿಗೂ ಸೌದೆಯ ಒಲೆಯೇ ಉರಿಯುವುದುಂಟು.

ಮೂರನೆಯದು ನಮ್ಮ ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆಯವರು ವಿಶೇಷವಾಗಿ ತಿಳಿಯತಕ್ಕದ್ದು. ಹೊಗೆಸೊಪ್ಪಿನ ಹಸಿ ಎಲೆಯನ್ನು, ಅದರಲ್ಲಿಯೂ ಮಳೆ ಇಬ್ಬನಿಗಳಿಂದ ಒದ್ದೆಯಾದ ಎಲೆಯನ್ನು, ಮುರಿದು ಹೊತ್ತು ಕಟ್ಟುವಾಗ ಅದರ ನಿಕೋಟಿನ್ ವಿಷವು ಚರ್ಮದ ಮೂಲಕ ಮೈಗೆ ಸೇರಿ ವಾಕರಿಕೆ, ವಾಂತಿ, ತಲೆಸುತ್ತು, ನಿಶ್ಶಕ್ತಿಗಳನ್ನು ಉಂಟುಮಾಡುತ್ತದೆ. ಇದನ್ನು ಪಿತ್ತವೆಂದು ತಿಳಿದು ಮನೆಮದ್ದು ಮಾಡುತ್ತ ಅದೇ ಕೆಲಸವನ್ನು ಮುಂದುವರಿಸುವುದು ಸರಿಯಲ್ಲ. ಎಲೆ ಒಣಗಿದ ಮೇಲೆ ಮುರಿಯುವುದು, ಕೈಗವಸು, ಉದ್ದ ತೋಳಿನ ಅಂಗಿಗಳನ್ನು ಧರಿಸುವುದು, ಒದ್ದೆಯಾದ ಬಟ್ಟೆಯನ್ನು ಕೂಡಲೆ ಬದಲಿಸಿ ಸೋಪಿನಿಂದ ಮೈಕೈ ತೊಳೆಯುವುದು ಇದಕ್ಕೆ ತಡೆಗಳು. ಬಸುರಿಯರನ್ನೂ ಮಕ್ಕಳನ್ನೂ ಈ ಕೆಲಸಕ್ಕೆ ಸೇರಿಸಲೇಬಾರದು.

ನಾಲ್ಕನೆಯದು ನಿದ್ರೆಯ ಕೊರತೆ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳುಗಳು ಕೊನೆಯ ಜ್ವರದಿಂದ ಎದ್ದ ಮೇಲೆ ಹಗಲಿರುಳೆನ್ನದೆ ಸೊಪ್ಪು ಹಾಕಬೇಕಾಗಿ ಬರುವುದರಿಂದ ಇದು ಹೆಚ್ಚು.

ಐದನೆಯದಾಗಿ, ಥೈರಾಯಿಡ್ ಗ್ರಂಥಿಯ ದೋಷ, ಸಕ್ಕರೆ ಕಾಯಿಲೆ, ಕ್ಷಯ ಮುಂತಾದ ರೋಗಗಳೂ ಬಳಲಿಕೆಯ ರೂಪದಲ್ಲಿಯೇ ಮೊದಲು ತೋರಬಹುದು. ಮನಸ್ಸಿನ ಕುಗ್ಗುವಿಕೆಯೂ ಹಾಗೆಯೇ. ಸಾಲ, ಬೆಳೆನಷ್ಟ, ಮನೆಯ ಮನಸ್ತಾಪಗಳಿಂದ ನಿದ್ರೆ ಊಟಗಳು ಕೆಟ್ಟು, ಯಾವುದರಲ್ಲಿಯೂ ಮನಸ್ಸು ನಿಲ್ಲದೆ ಇರುವವರನ್ನು ಗದರಿಸಿ ಪ್ರಯೋಜನವಿಲ್ಲ. ಇಂತಹವರಿಗಾಗಿ 2022ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ.

3. ಪರೀಕ್ಷೆಯೂ ಮಾತ್ರೆಯೂ ಆಹಾರವೂ

ಮಣ್ಣಿನ ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯಬೇಡಿರೆಂದು ನಮ್ಮ ಇಲಾಖೆಯವರು ಹೇಳುವ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಬೆರಳಿನ ತುದಿಯ ರಕ್ತದಿಂದ ಹಿಮೋಗ್ಲೋಬಿನ್ ಎಷ್ಟಿದೆಯೆಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು. ಬಸುರಿಯಲ್ಲದ ಹೆಂಗಸಿಗೆ ಅದು ಪ್ರತಿ ಡೆಸಿಲೀಟರಿಗೆ 12 ಗ್ರಾಮಿಗೂ, ಬಸುರಿಗೆ 11 ಗ್ರಾಮಿಗೂ ಕಡಮೆಯಾಗಿರಬಾರದು. 8 ಗ್ರಾಮಿಗಿಂತ ಇಳಿದಿದ್ದರೆ ದೋಷವು ತೀವ್ರವಾಗಿದೆಯೆಂದು ತಿಳಿದು ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

2018ರಲ್ಲಿ ಪ್ರಾರಂಭವಾದ ‘ಅನೀಮಿಯ ಮುಕ್ತ ಭಾರತ’ ಎಂಬ ಯೋಜನೆಯಂತೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಹೆಂಗಸರಿಗೆ ವಾರಕ್ಕೊಂದರಂತೆಯೂ, ಬಸುರಿಯರಿಗೂ ಬಾಣಂತಿಯರಿಗೂ ದಿನಕ್ಕೊಂದರಂತೆ 180 ದಿನಗಳೂ ಕೊಡತಕ್ಕದ್ದೆಂದು ಗೊತ್ತುಮಾಡಲಾಗಿದೆ. ರಕ್ತಹೀನತೆ ಇರುವವರು ಎಷ್ಟು ನುಂಗಬೇಕೆಂಬುದನ್ನು ವೈದ್ಯರು ಹೇಳುತ್ತಾರೆ. ಮಾತ್ರೆ ನುಂಗಿದ ಮೇಲೆ ಮಲವು ಕಪ್ಪಾಗುವುದರಿಂದಲೂ ಕೆಲವರಿಗೆ ವಾಕರಿಕೆ ಬರುವುದರಿಂದಲೂ ಅನೇಕರು ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಕಪ್ಪಾಗುವುದು ಸಹಜ, ವಾಕರಿಕೆಯಾದರೆ ಊಟದ ಮೇಲೆ ನುಂಗಬಹುದು. ಕಾಫಿ, ಟೀಗಳೊಂದಿಗೆ ನುಂಗಿದರೆ ಕಬ್ಬಿಣವು ಮೈಗೆ ಹತ್ತುವುದಿಲ್ಲ. ಮಾತ್ರೆಯನ್ನು ಮಕ್ಕಳ ಕೈಗೆ ಎಟಕದಂತೆ ಇಡುವುದು ಅತ್ಯವಶ್ಯಕ. ಮಿಠಾಯಿಯೆಂದು ಅನೇಕ ಮಾತ್ರೆಗಳನ್ನು ನುಂಗಿದ ಮಗುವಿನ ಪ್ರಾಣಕ್ಕೇ ಅಪಾಯವುಂಟು.

ಆಹಾರದ ವಿಷಯದಲ್ಲಿ ನಮ್ಮ ಸೀಮೆಯವರು ಭಾಗ್ಯಶಾಲಿಗಳು. ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಮ್ ಸುಣ್ಣದ ಅಂಶವಿದೆ. ಅಕ್ಕಿ ಗೋಧಿಗಳಲ್ಲಿ ಇದು ಬಹಳ ಕಡಮೆ. ಕಬ್ಬಿಣದ ಅಂಶವೂ ಅಕ್ಕಿಯದಕ್ಕಿಂತ ಹೆಚ್ಚು. ಆದರೆ ರಾಗಿಯಲ್ಲಿರುವ ಕೆಲವು ಪದಾರ್ಥಗಳು ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ. ರಾಗಿಯನ್ನು ನೆನೆಯಿಸಿ ಮೊಳಕೆ ಕಟ್ಟಿದರೆ ಈ ತಡೆಯು ಕಡಮೆಯಾಗುವುದು. ಹುರುಳಿ, ಅಲಸಂದೆ, ಅವರೆಗಳ ಮೊಳಕೆಯೂ ಹಾಗೆಯೇ. ಊಟದೊಂದಿಗೆ ನಿಂಬೆಹಣ್ಣಿನ ರಸ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಕಬ್ಬಿಣವು ಸುಲಭವಾಗಿ ಮೈಗೂಡುತ್ತದೆ. ಕಾಫಿ, ಟೀಗಳನ್ನು ಊಟದೊಂದಿಗೆ ಸೇವಿಸದೆ ಒಂದು ಗಂಟೆ ಬಿಟ್ಟು ಸೇವಿಸುವುದು ಒಳ್ಳೆಯದು. ಬೆಲ್ಲವೊಂದರಿಂದಲೇ ರಕ್ತವು ವೃದ್ಧಿಯಾಗುವುದೆಂಬ ನಂಬಿಕೆಯನ್ನು ನೆಚ್ಚಿಕೊಂಡು ಕೂರಬಾರದು. ಮಾಂಸಾಹಾರಿಗಳಿಗೆ ಈಲಿ, ಮಾಂಸ, ಮೀನುಗಳಿಂದ ಕಬ್ಬಿಣವು ಚೆನ್ನಾಗಿ ದೊರೆಯುವುದು. ಆದರೆ ಬಸುರಿಯರು ಈಲಿಯನ್ನು ವರ್ಜಿಸುವುದು ಕ್ಷೇಮ.

ಬಚ್ಚಲ ನೀರು ಹರಿದುಹೋಗುವ ಕಡೆ ಒಂದು ಚಿಕ್ಕ ಪಾತಿ ಮಾಡಿದರೆ ದಂಟು, ಹರಿವೆ, ನುಗ್ಗೆ, ಕರಿಬೇವು, ಒಂದು ಪರಂಗಿ, ಒಂದು ನಿಂಬೆಗಿಡ ಇವುಗಳಿಗೆ ಬೇರೆ ನೀರಾವರಿಯೇ ಬೇಡ. ಸೋಪಿನ ನೀರು ನೇರವಾಗಿ ಸೊಪ್ಪಿನ ಮೇಲೆ ಬೀಳದಂತೆ, ಮೊದಲು ಬಾಳೆಯ ಬುಡದ ಮೂಲಕ ಹಾಯಿಸುವುದು ಒಳ್ಳೆಯದು.

ಇವೆಲ್ಲಕ್ಕಿಂತಲೂ ಮುಖ್ಯವಾದ ಒಂದು ಮಾತುಂಟು. ಮನೆಯಲ್ಲಿ ಯಾರು ಕೊನೆಗೆ ಉಣ್ಣುತ್ತಾರೆ, ಅವರ ತಟ್ಟೆಯಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಯಜಮಾನನು ಒಂದು ವಾರ ಗಮನಿಸಿ ನೋಡಲಿ. ಸಾರಿನ ತಳದ ಕಾಳೆಲ್ಲ ಗಂಡಸರಿಗೂ ಮಕ್ಕಳಿಗೂ ಹೋಗಿ, ತಿಳಿಯೂ ತಂಗಳ ಮುದ್ದೆಯೂ ಅಡಿಗೆ ಮಾಡಿದವಳ ಪಾಲಿಗೆ ಬರುವ ಮನೆಯಲ್ಲಿ ಯಾವ ಮಾತ್ರೆಯೂ ಪೂರ್ಣ ಫಲ ಕೊಡಲಾರದು. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದೇ ಇದಕ್ಕೆ ಖರ್ಚಿಲ್ಲದ ಮದ್ದು.

4. ಬಳಲಿದ ದಿನದ ಮನೆಗೆಲಸ

ಮೈಯಲ್ಲಿ ಶಕ್ತಿಯಿಲ್ಲದ ದಿನವೂ ಎಲ್ಲ ಕೆಲಸವೂ ಎಂದಿನಂತೆ ನಡೆಯಬೇಕೆಂಬ ಹಠದಿಂದ ಎರಡು ದಿನದ ಕಾಯಿಲೆಯು ಹತ್ತು ದಿನಕ್ಕೆ ಬೆಳೆಯುತ್ತದೆ. ಆದ್ದರಿಂದ ಕೆಲಸಗಳನ್ನು ಮೂರಾಗಿ ವಿಂಗಡಿಸುವುದು ಉತ್ತಮ. ಆ ದಿನವೇ ಆಗಬೇಕಾದವು: ಕುಡಿಯುವ ನೀರು, ಊಟ, ದನಕ್ಕೆ ಮೇವು ನೀರು, ಹಾಲು ಕರೆಯುವುದು, ಮಗುವಿನ ಆರೈಕೆ. ಎರಡು ದಿನ ತಡೆಯಬಹುದಾದವು: ಬಟ್ಟೆ ಒಗೆಯುವುದು, ಪಾತ್ರೆಗಳನ್ನು ತಿಕ್ಕಿ ಬೆಳಗುವುದು, ಕಾಳು ಹಸನು ಮಾಡುವುದು. ವಾರ ಬಿಟ್ಟರೂ ಚಿಂತೆಯಿಲ್ಲದವು: ಧೂಳು ಹೊಡೆಯುವುದು, ಅಟ್ಟ ಜೋಡಿಸುವುದು, ಹಪ್ಪಳ ಸಂಡಿಗೆ. ಮೊದಲನೆಯ ವರ್ಗದ ಕೆಲಸಗಳನ್ನು ಮನೆಯ ಗಂಡಸರೂ ದೊಡ್ಡ ಮಕ್ಕಳೂ ಹಂಚಿಕೊಳ್ಳುವುದು, ಉಳಿದವನ್ನು ನಿಲ್ಲಿಸುವುದು. ಹಾಲು ಕರೆಯಲೂ ಅನ್ನಕ್ಕೆ ಎಸರಿಡಲೂ ಕಲಿತ ಹುಡುಗನಿಗೆ ಮುಂದೆ ಪಟ್ಟಣದಲ್ಲಿ ಓದಲು ಹೋದಾಗಲೂ ಅದರಿಂದ ಉಪಕಾರವೇ.

ಅಂತಹ ದಿನದ ಊಟಕ್ಕೆ ನಮ್ಮ ಹಿರಿಯರು ಕಂಡುಹಿಡಿದ ಉಪಾಯವೇ ರಾಗಿಯ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ ಒದ್ದೆ ಮಾಡಿ ರಾತ್ರಿಯೆಲ್ಲ ಇಟ್ಟು, ಬೆಳಗ್ಗೆ ಕಾದ ಬಾಂಡಲೆಯಲ್ಲಿ ಅರಳಾಗುವಂತೆ ಹುರಿದು ಬೀಸಿಟ್ಟರೆ, ಡಬ್ಬಿಯಲ್ಲಿ ಅನೇಕ ದಿನ ಕೆಡದೆ ಇರುವುದು. ಹಾಲು ಬೆಲ್ಲದೊಂದಿಗಾಗಲಿ, ಮಜ್ಜಿಗೆ ಉಪ್ಪಿನೊಂದಿಗಾಗಲಿ ಒಲೆ ಹಚ್ಚದೆ ಕಲಸಿ ತಿನ್ನಬಹುದು. ನಾಟಿಗೂ ಕೊಯ್ಲಿಗೂ ಮುಂಚೆ ಒಂದೆರಡು ಸೇರು ಹುರಿಹಿಟ್ಟು, ಅವಲಕ್ಕಿ, ಹುರಿಗಡಲೆ, ಸಾರಿನ ಪುಡಿ ಇವುಗಳನ್ನು ಸಿದ್ಧಮಾಡಿಟ್ಟುಕೊಳ್ಳುವುದು ಬಿತ್ತನೆಗೆ ಮುಂಚೆ ಬೀಜ ಹಸನು ಮಾಡಿಟ್ಟಂತೆಯೇ ಸರಿ.

ಕೆಲಸದ ರೀತಿಯಲ್ಲಿಯೂ ಕೆಲವು ಸಣ್ಣ ಮಾರ್ಪಾಡುಗಳಿಂದ ಬಹಳ ಅನುಕೂಲವಿದೆ. ನೆಲದ ಮೇಲೆ ಬಗ್ಗಿ ಮಾಡುವ ಕೆಲಸಗಳಿಗೆ ಸೊಂಟದೆತ್ತರದ ಕಟ್ಟೆಯಿರಬೇಕು. ಕೊಡವನ್ನು ಎತ್ತುವಾಗ ಬೆನ್ನು ಬಗ್ಗಿಸದೆ ಮೊಣಕಾಲು ಮಡಿಸಿ, ಮೈಗೆ ಒತ್ತಿಕೊಂಡು ಎತ್ತಬೇಕು. ಒಂದು ದೊಡ್ಡ ಕೊಡಕ್ಕೆ ಬದಲು ಎರಡು ಚಿಕ್ಕವು ಲೇಸು. ಕಸ ಗುಡಿಸಲು ಉದ್ದ ಹಿಡಿಯ ಪೊರಕೆ ಉತ್ತಮ. ಸೌದೆಯ ಒಲೆ ಬಿಡದಿರುವ ಮನೆಯಲ್ಲಿ ಹೊಗೆಕೊಳವೆಯುಳ್ಳ ಒಲೆಯನ್ನು ಕಟ್ಟಿಸುವುದು ಅವಶ್ಯ. ಮೇಲೆ ಹೇಳಿದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆಗಳನ್ನು ಏಕಕಾಲದಲ್ಲಿಡಬಹುದು, ಹೊಗೆ ಹೊರಕ್ಕೆ ಹೋಗುವುದು, ಸೌದೆಯೂ ಉಳಿಯುವುದು. ಕೊಳವೆಯನ್ನು ಆಗಾಗ್ಗೆ ಶುಚಿ ಮಾಡಿದರೆ ಮಾತ್ರ ಈ ಗುಣಗಳು ನಿಲ್ಲುವುವು. ಸ್ನಾನದ ನೀರಿಗೆ ಸೂರ್ಯನ ಶಾಖದ ಯಂತ್ರವನ್ನು ಹಾಕಿಸುವ ಶಕ್ತಿಯುಳ್ಳವರು ಅದನ್ನೂ ಯೋಚಿಸಬಹುದು.

5. ಸಣ್ಣಪುಟ್ಟ ಕಾಯಿಲೆಗಳು

ನೆಗಡಿ, ಗಂಟಲುನೋವು: ಉಗುರುಬೆಚ್ಚಗಿನ ಉಪ್ಪು ನೀರಿನಿಂದ ಬಾಯಿ ಮುಕ್ಕಳಿಸುವುದು, ಶುಂಠಿ ಮೆಣಸಿನ ಕಷಾಯ, ಬಿಸಿ ಸಾರು, ಎರಡು ದಿನದ ವಿಶ್ರಾಂತಿ ಸಾಕು. ಅಂಗಡಿಯಲ್ಲಿ ಕೇಳಿ ತಂದ ಆಂಟಿಬಯೋಟಿಕ್ ಮಾತ್ರೆಗಳು ನೆಗಡಿಗೆ ನಿರುಪಯೋಗ.

ಭೇದಿ: ಆಸ್ಪತ್ರೆಯಲ್ಲಿ ಕೊಡುವ ಓ.ಆರ್.ಎಸ್. ಪುಡಿ ಶ್ರೇಷ್ಠ. ಅದು ಕೈಗೆ ಸಿಕ್ಕುವವರೆಗೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಟೀ ಚಮಚದಿಂದ ಸಮನಾಗಿ ಅಳೆದ ಆರು ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಕರಗಿಸಿ ಸ್ವಲ್ಪಸ್ವಲ್ಪವಾಗಿ ಕುಡಿಸುವುದು. ಉಪ್ಪು ಹೆಚ್ಚಾಗಬಾರದು. ಗಂಜಿ, ಮೊಸರನ್ನಗಳನ್ನು ನಿಲ್ಲಿಸಬಾರದು.

ಕೆಸರಿನ ಹುಣ್ಣು: ಗದ್ದೆಯಿಂದ ಬಂದೊಡನೆ ಕಾಲು ತೊಳೆದು ಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒರೆಸುವುದು, ರಾತ್ರಿ ಕಾಲು ಒಣಗಿರುವಂತೆ ನೋಡಿಕೊಳ್ಳುವುದು. ಕೀವು, ಊತಗಳಿದ್ದರೂ, ಸಕ್ಕರೆ ಕಾಯಿಲೆಯಿದ್ದರೂ ಆಸ್ಪತ್ರೆಗೆ ಹೋಗತಕ್ಕದ್ದು.

ಸೊಂಟನೋವು: ಬಿಸಿ ಶಾಖ, ಎರಡು ದಿನ ಭಾರ ಎತ್ತದಿರುವುದು, ಅನಂತರ ಮೆಲ್ಲಗೆ ಓಡಾಡುವುದು. ವಾರಗಟ್ಟಲೆ ಮಲಗುವುದರಿಂದ ನೋವು ಹೆಚ್ಚುವುದು.

ಜ್ವರ: ಮಳೆಗಾಲದ ಜ್ವರವನ್ನು ಹಗುರವಾಗಿ ಎಣಿಸಬಾರದು. ಡೆಂಗೆಯಿರಬಹುದಾದ್ದರಿಂದ ಆಸ್ಪಿರಿನ್, ಐಬುಪ್ರೋಫೆನ್ ಮುಂತಾದ ನೋವಿನ ಮಾತ್ರೆಗಳನ್ನು ನುಂಗದೆ ಪ್ಯಾರಾಸಿಟಮಾಲ್ ಒಂದನ್ನೇ, ಅದೂ ಹೇಳಿದ ಮಿತಿಯಲ್ಲಿ, ತೆಗೆದುಕೊಂಡು ನೀರು ಹೆಚ್ಚಾಗಿ ಕುಡಿಯುವುದು. ಗದ್ದೆಯಲ್ಲಿ ದುಡಿಯುವವರಿಗೆ ಜ್ವರದೊಡನೆ ಮೀನಖಂಡದ ನೋವೂ ಕಣ್ಣು ಕೆಂಪಾಗುವುದೂ ಕಂಡರೆ ಇಲಿಜ್ವರದ ಶಂಕೆಯುಂಟು. ಗದ್ದೆಯ ಕೆಲಸದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಮನೆಮದ್ದಿಗೆ ಒಂದು ಮೇರೆಯುಂಟು. ಎರಡು ದಿನಕ್ಕೂ ಬಿಡದ ಜ್ವರ, ಎರಡು ವಾರ ದಾಟಿದ ಕೆಮ್ಮು, ಮೈ ಇಳಿಯುವುದು, ಕುಳಿತಲ್ಲಿಯೇ ಏದುಸಿರು, ಅಧಿಕ ರಕ್ತಸ್ರಾವ, ಮುಖ ಕಾಲುಗಳ ಊತ ಇವುಗಳಲ್ಲಿ ಯಾವುದೊಂದು ಕಂಡರೂ ಆಸ್ಪತ್ರೆಗೆ ಹೋಗತಕ್ಕದ್ದು. ಎದೆನೋವು, ಎಚ್ಚರ ತಪ್ಪುವುದು, ಒಂದು ಪಾರ್ಶ್ವದ ಕೈಕಾಲು ಸ್ವಾಧೀನ ತಪ್ಪುವುದು ಕಂಡುಬಂದರೆ ಕೂಡಲೆ 108ಕ್ಕೆ ತಿಳಿಸಿ ವಾಹನ ತರಿಸುವುದು. “ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ” ಎಂಬ ಮಾತು ಇಂತಹ ಸಮಯದಲ್ಲಿ ಆಡತಕ್ಕದ್ದಲ್ಲ.

6. ಹೊಲದ ಕಡೆಯಿಂದ ಆಗಬೇಕಾದ ಸುಧಾರಣೆ

ಮನೆಗೆಲಸವನ್ನು ಹಗುರಮಾಡುವ ಮಾರ್ಗಗಳಲ್ಲಿ ಕೆಲವು ಹೊಲದಲ್ಲಿಯೇ ಇವೆ. ರಾಗಿಯನ್ನು ಕೈಯಿಂದ ಎರಚಿ ಬಿತ್ತಿದ ಹೊಲದಲ್ಲಿ ಕಳೆಯೆಲ್ಲವನ್ನೂ ಹೆಂಗಸರು ದಿನವೆಲ್ಲ ಕುಕ್ಕುರುಗಾಲಿನಲ್ಲಿ ಕುಳಿತು ಕೀಳಬೇಕಾಗುತ್ತದೆ. ಕೂರಿಗೆಯಿಂದ ಒಂದಡಿ ಅಂತರದ ಸಾಲುಗಳಲ್ಲಿ ಬಿತ್ತಿದರೆ, ಗಂಡಸು ಎಡೆಕುಂಟೆ ಹೊಡೆದು ಕಳೆಯ ಬಹುಭಾಗವನ್ನು ತೆಗೆಯಬಹುದು; ಸಾಲಿನೊಳಗಿನ ಕಳೆಯಷ್ಟೇ ಕೈಗೆ ಉಳಿಯುತ್ತದೆ. ಭತ್ತವನ್ನು ಸಾಲುನಾಟಿ ಮಾಡಿದರೆ ಕೋನೋ ವೀಡರನ್ನು ಓಡಿಸಬಹುದು. ಸಾಲುಬಿತ್ತನೆಯಿಂದ ಬೀಜ ಉಳಿಯುವುದೆಂದು ನಾವು ಬಹುಕಾಲದಿಂದ ಹೇಳುತ್ತ ಬಂದಿದ್ದೇವೆ; ಹೆಂಗಸರ ಸೊಂಟ ಮೊಣಕಾಲುಗಳು ಉಳಿಯುವುದೆಂಬುದನ್ನೂ ಅದಕ್ಕೆ ಸೇರಿಸಿ ಹೇಳಬೇಕಾಗಿದೆ.

ರೇಷ್ಮೆ ಸಾಕುವವರು ಬಿಡಿ ಸೊಪ್ಪನ್ನು ತಟ್ಟೆಗಳಲ್ಲಿ ಹಾಕುವುದಕ್ಕೆ ಬದಲು ರೆಂಬೆ ಪದ್ಧತಿಯನ್ನು ಅನುಸರಿಸಿದರೆ ಎಲೆ ಬಿಡಿಸುವ, ತಟ್ಟೆ ಇಳಿಸಿ ಏರಿಸುವ, ಕಸ ತೆಗೆಯುವ ಕೆಲಸಗಳು ಬಹಳ ಮಟ್ಟಿಗೆ ತಗ್ಗುವುವು. ಈ ವಿಚಾರದಲ್ಲಿ ಸಲಹೆ ಬೇಕಾದವರಿಗೆ ಮೈಸೂರಿನಲ್ಲಿ 1961ರಲ್ಲಿ ಸ್ಥಾಪಿತವಾದ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ಹತ್ತಿರದಲ್ಲಿಯೇ ಇದೆ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರಗಳನ್ನು ಒಬ್ಬೊಬ್ಬರೇ ಕೊಳ್ಳಲಾರದಿದ್ದರೆ ಸಂಘದ ಮೂಲಕ ಕೊಳ್ಳಬಹುದು.

ಟ್ರ್ಯಾಕ್ಟರು, ಒಕ್ಕಣೆಯ ಯಂತ್ರಗಳು ಬಂದಾಗ ಮೊದಲು ಹಗುರವಾದದ್ದು ಗಂಡಸರ ಕೆಲಸವೆಂಬುದನ್ನು ನಾವು ಮರೆಯಬಾರದು. ಮುಂದಿನ ಸಾರಿ ಹಣ ಕೈಗೂಡಿದಾಗ ಯಾವ ಯಂತ್ರವನ್ನು ಕೊಳ್ಳಬೇಕೆಂಬ ಆಲೋಚನೆಯಲ್ಲಿ ಗೃಹಿಣಿಯ ಅಭಿಪ್ರಾಯವನ್ನೂ ಕೇಳುವುದು ನ್ಯಾಯವು.

7. ಗ್ರಾಮದ ಮುಖಂಡರ ಕರ್ತವ್ಯ

ಒಂದೊಂದು ಮನೆಯಿಂದ ಆಗದ ಕೆಲಸವು ಊರಿನಿಂದ ಆಗುತ್ತದೆ. ಮುಖಂಡರಾದವರೂ ಪಂಚಾಯಿತಿಯ ಅಧ್ಯಕ್ಷರೂ ಈ ಕೆಳಗಿನ ಕೆಲಸಗಳನ್ನು ಕೈಗೊಳ್ಳಬಹುದಾಗಿದೆ:

ಮೊದಲನೆಯದಾಗಿ, ಮುಂಗಾರಿನ ಬಿತ್ತನೆಗೂ ನಾಟಿಗೂ ಮುಂಚೆ ಆಶಾ ಕಾರ್ಯಕರ್ತೆಯರನ್ನೂ ಆರೋಗ್ಯ ಕೇಂದ್ರದವರನ್ನೂ ಕರೆಯಿಸಿ ಊರಿನ ಎಲ್ಲ ಹೆಂಗಸರ ರಕ್ತಪರೀಕ್ಷೆಯನ್ನು ಒಂದೇ ದಿನ ಮಾಡಿಸುವುದು. ಮುಖಂಡನ ಮನೆಯವರೇ ಮೊದಲು ಬೆರಳು ಮುಂದೆ ಮಾಡಿದರೆ ಉಳಿದವರ ಅಂಜಿಕೆ ಹೋಗುವುದು.

ಎರಡನೆಯದಾಗಿ, ನೀರು. 2019ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯ ನಲ್ಲಿಗಳು 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ಹಳ್ಳಿಗಳನ್ನು ಮುಟ್ಟಿವೆ. ನಲ್ಲಿ ಹಾಕಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನೀರು ಗೊತ್ತಾದ ಹೊತ್ತಿಗೆ ಬರುವಂತೆಯೂ, ಕೆಟ್ಟ ಪಂಪು ಎರಡು ದಿನದೊಳಗೆ ದುರಸ್ತಿಯಾಗುವಂತೆಯೂ ನೋಡಿಕೊಳ್ಳುವವರು ಬೇಕು.

ಮೂರನೆಯದಾಗಿ, ಮಕ್ಕಳ ಪಾಲನೆ. ಕರ್ನಾಟಕ ಸರ್ಕಾರವು 2023ರಲ್ಲಿ ಗ್ರಾಮ ಪಂಚಾಯಿತಿಗಳಿಗಾಗಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ತಮ್ಮ ಪಂಚಾಯಿತಿಯ ಕೇಂದ್ರವು ಸರಿಯಾಗಿ ನಡೆಯುತ್ತಿದೆಯೆ ಎಂದು ನೋಡುವುದು ಮುಖಂಡರ ಕೆಲಸವಾಗಿದೆ.

ನಾಲ್ಕನೆಯದಾಗಿ, ಮುಯ್ಯಿ. ಹೊಲದ ಕೆಲಸಕ್ಕೆ ಮುಯ್ಯಾಳಿನ ಪದ್ಧತಿಯು ನಮ್ಮಲ್ಲಿ ಪುರಾತನವಾದದ್ದು. ಅದನ್ನು ಅಡಿಗೆಗೂ ವಿಸ್ತರಿಸಬಹುದು. ನಾಟಿಯ ದಿನಗಳಲ್ಲಿ ನಾಲ್ಕು ಮನೆಯವರು ಸೇರಿ ಸರದಿಯಂತೆ ಒಂದೇ ಒಲೆಯಲ್ಲಿ ಅಡಿಗೆ ಮಾಡಿದರೆ ಮೂರು ಮನೆಯ ಹೆಂಗಸರಿಗೆ ಆ ಸಂಜೆ ವಿಶ್ರಾಂತಿ ದೊರೆಯುವುದು. ಕಾಯಿಲೆ ಬಿದ್ದವಳ ಮನೆಗೆ ನೆರೆಯವರು ಮೂರು ದಿನ ಊಟ ಕಳುಹಿಸುವ ಕ್ರಮವನ್ನು ಸ್ವಸಹಾಯ ಸಂಘದವರು ಏರ್ಪಡಿಸಿಕೊಳ್ಳಬಹುದು.

ಐದನೆಯದಾಗಿ, ಕಚೇರಿಯ ಕೆಲಸಕ್ಕಾಗಿ ನಜರ್‌ಬಾದಿಗೆ ಬರುವವರು, ಮನೆಯಲ್ಲಿ ಬಹುದಿನದಿಂದ ಬಳಲುತ್ತಿರುವವರಿದ್ದರೆ ಅವರನ್ನೂ ಜೊತೆಯಲ್ಲಿ ಕರೆತರುವುದು. ಹೆಂಗಸರಿಗಾಗಿಯೂ ಮಕ್ಕಳಿಗಾಗಿಯೂ ಇರುವ ಚೆಲುವಾಂಬ ಆಸ್ಪತ್ರೆ, ಎಲ್ಲರಿಗೂ ಇರುವ ಕೃಷ್ಣರಾಜೇಂದ್ರ ಆಸ್ಪತ್ರೆ ಇವೆರಡೂ ಇಲ್ಲಿಗೆ ಹೆಚ್ಚು ದೂರವಿಲ್ಲ. ಪಹಣಿಯ ಒಂದು ತಪ್ಪನ್ನು ತಿದ್ದಿಸಲು ಮೂರು ಸಾರಿ ಬರುವವರು, ಮನೆಯೊಡತಿಯ ದೇಹಸ್ಥಿತಿಯನ್ನು ಸರಿಪಡಿಸಲು ಒಂದು ಸಾರಿ ಬರುವುದು ಭಾರವಾಗಲಾರದು.

ಮಳೆ ತಡವಾದರೆ ನಮ್ಮಿಂದ ಮಾಡಲಾಗುವುದೇನೂ ಇಲ್ಲ. ಪೇಟೆಯ ಧಾರಣೆಯೂ ನಮ್ಮ ಕೈಯಲ್ಲಿಲ್ಲ. ಆದರೆ ಒಕ್ಕಲ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವವಳಿಗೆ ಹೊಟ್ಟೆ ತುಂಬ ಊಟವೂ, ಬೇಕಾದಾಗ ಔಷಧವೂ, ಬಳಲಿದ ದಿನ ವಿಶ್ರಾಂತಿಯೂ ದೊರೆಯುವಂತೆ ಮಾಡುವುದು ಪೂರ್ತಿಯಾಗಿ ನಮ್ಮ ಕೈಯಲ್ಲಿಯೇ ಇದೆ. ಆದಕಾರಣ ಈ ಮುಂಗಾರಿನ ಸಿದ್ಧತೆಗಳ ಪಟ್ಟಿಯಲ್ಲಿ ಬೀಜ, ಗೊಬ್ಬರ, ಎತ್ತು, ನೇಗಿಲುಗಳ ಜೊತೆಗೆ ಇದನ್ನೂ ಒಂದಾಗಿ ಬರೆದುಕೊಂಡು, ಮುಂಚಿತವಾಗಿಯೇ ನೆರವೇರಿಸಬೇಕೆಂದು ಗ್ರಾಮಗಳ ಮುಖಂಡರನ್ನೂ ಹಿಡುವಳಿದಾರರನ್ನೂ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.